ಮಲೆನಾಡಿನ ಅಡುಗೆಮನೆಗೆ ಸ್ಟಿಕ್ಕರ್ ಟೈಲ್: ಮೊದಲು ಗೋಡೆ ಒಣಗಲಿ

ಮನೆಯಲ್ಲಿ ಎಲ್ಲಕ್ಕಿಂತ ಬೇಗ ಹಳತಾಗುವ ಗೋಡೆ ಅಂದ್ರೆ ಅಡುಗೆ ಕಟ್ಟೆಯ ಹಿಂದಿನದು. ಒಗ್ಗರಣೆ ಸಿಡಿಯುತ್ತದೆ, ಹಪ್ಪಳ ಕರಿದ ಎಣ್ಣೆ ಹಾರುತ್ತದೆ, ಕಡುಬು ಬೇಯಿಸಿದ ಹಬೆ ಕೂರುತ್ತದೆ. ಬಿಳಿ ಬಣ್ಣ ಯಾವಾಗ ಹಳದಿಯಾಯಿತು ಅಂತ ಗೊತ್ತೇ ಆಗುವುದಿಲ್ಲ. ಒಡೆಸಿ ಹೊಸ ಟೈಲ್ ಹಾಕಿಸೋಣ ಅಂದರೆ ಮೇಸ್ತ್ರಿ ಸಿಗಬೇಕು, ಮನೆ ತುಂಬಾ ಧೂಳು, ಅಷ್ಟು ದಿನ ಅಡುಗೆಗೆ ಪರದಾಟ. ಬಾಡಿಗೆ ಮನೆಯಾದರೆ ಆ ಮಾತೇ ಇಲ್ಲ. ಹಿಂದಿನ ಕಾಗದ ಕಿತ್ತು ಗೋಡೆಗೆ ಒತ್ತಿದರೆ ಆಯಿತು ಎನ್ನುವ ಸ್ಟಿಕ್ಕರ್ ಟೈಲ್ ಕಡೆ ಜನ ತಿರುಗಿರುವುದು ಅದಕ್ಕೇ.

ಅಂಟಿಸುವುದು ನಿಜಕ್ಕೂ ಸುಲಭ. ಒಂದು ಮಧ್ಯಾಹ್ನ ಸಾಕು. ಆದರೆ ಪ್ಯಾಕೆಟ್ ಮೇಲಿನ ಸೂಚನೆಯನ್ನು ನಮ್ಮ ಮಳೆಗಾಲ ನೋಡಿ ಯಾರೂ ಬರೆದಿರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳ ಗೋಡೆ ತಿಂಗಳುಗಟ್ಟಲೆ ತೇವ ಹೀರುತ್ತಲೇ ಇರುತ್ತದೆ. ಇಲ್ಲಿ ಟೈಲ್ ನಿಲ್ಲುತ್ತದೋ ಬೀಳುತ್ತದೋ ಎಂಬುದು ಅಂಟಿಗಿಂತ ಹೆಚ್ಚಾಗಿ ಗೋಡೆಯ ಮೇಲೆ ನಿಂತಿದೆ.

ಯಾವಾಗ ಅಂಟಿಸಬೇಕು?

ದೊಡ್ಡಹಬ್ಬಕ್ಕೆ ಮನೆ ಚೊಕ್ಕ ಮಾಡುವಾಗಲೇ ಇದನ್ನೂ ಮುಗಿಸಿಬಿಡೋಣ ಅಂತ ಅನಿಸುವುದು ಸಹಜ. ಬೇಡ. ದೀಪಾವಳಿ ಹೊತ್ತಿಗೆ ಮಳೆ ನಿಂತಿದ್ದರೂ ಗೋಡೆಯ ಒಳಗಿನ ನೀರು ಆರಿರುವುದಿಲ್ಲ. ಹೊರಗಿನಿಂದ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಅದೇ ಮೋಸ. ಸಂಕ್ರಾಂತಿ ಕಳೆದ ಮೇಲೆ ಮೇ ಮೊದಲ ವಾರದವರೆಗೆ ಒಳ್ಳೆಯ ಕಾಲ. ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರದ ಕಡೆ ಮಳೆ ಅಷ್ಟಿಲ್ಲ, ಅಲ್ಲಿ ಡಿಸೆಂಬರ್‌ನಲ್ಲೇ ಶುರು ಮಾಡಬಹುದು. ಆರಿದ್ರಾ ಮಳೆ ಹಿಡಿದ ಮೇಲಂತೂ ಪ್ಯಾಕೆಟ್ ಬಿಚ್ಚಲೇಬೇಡಿ.

ಗೋಡೆಗೆ ಮೂರು ಪರೀಕ್ಷೆ

ಮೊದಲನೆಯದು ಅಂಗೈ ಪರೀಕ್ಷೆ. ಗೋಡೆಯನ್ನು ಒಣ ಕೈಯಿಂದ ಉಜ್ಜಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಅಂಟು ಹಿಡಿಯುವುದು ಆ ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಟೈಲ್ ತನ್ನ ತೂಕಕ್ಕೇ ಪುಡಿಯ ಸಮೇತ ಕಳಚಿಕೊಳ್ಳುತ್ತದೆ. ಇಂಥ ಗೋಡೆಯನ್ನು ಕೆರೆದು, ಪ್ರೈಮರ್ ಹೊಡೆದು, ಎನಾಮಲ್ ಅಥವಾ ತೊಳೆಯಬಹುದಾದ ಒಳ್ಳೆಯ ಬಣ್ಣ ಕೊಟ್ಟು, ಮೂರು–ನಾಲ್ಕು ವಾರ ಬಿಟ್ಟ ಮೇಲೆಯೇ ಮುಂದಿನ ಮಾತು.

ಎರಡನೆಯದು ಟೇಪ್ ಪರೀಕ್ಷೆ. ಅಗಲವಾದ ಪ್ಯಾಕಿಂಗ್ ಟೇಪನ್ನು ಗೋಡೆಗೆ ಗಟ್ಟಿಯಾಗಿ ಒತ್ತಿ, ಒಂದೇ ಏಟಿಗೆ ಕೀಳಿ. ಬಣ್ಣದ ಚಕ್ಕೆ ಎದ್ದು ಬಂದರೆ ಆ ಬಣ್ಣ ಟೈಲನ್ನೂ ಹೊರುವುದಿಲ್ಲ.

ಮೂರನೆಯದನ್ನು ಮಲೆನಾಡಿನಲ್ಲಿ ಬಿಡುವಂತಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಗೋಡೆಗೆ ಹಿಡಿದು ನಾಲ್ಕೂ ಅಂಚಿಗೆ ಸಂದಿಲ್ಲದ ಹಾಗೆ ಟೇಪ್ ಹಾಕಿ. ಒಂದು ಇಡೀ ದಿನ ಹಾಗೇ ಇರಲಿ, ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ನೋಡಿ. ಪ್ಲಾಸ್ಟಿಕ್‌ನ ಒಳಮೈಗೆ, ಅಂದರೆ ಗೋಡೆ ಕಡೆಯ ಮೈಗೆ, ಸಣ್ಣ ಸಣ್ಣ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಪಸೆ ಇದ್ದರೆ ಅದು ಅಡುಗೆಮನೆಯ ಹಬೆ, ಕಿಟಕಿ ತೆಗೆದಿಟ್ಟರೆ ಹೋಗುತ್ತದೆ. ಕಟ್ಟೆಗೆ ಹತ್ತಿರ ಒಂದು, ಎದೆಯೆತ್ತರಕ್ಕೆ ಒಂದು, ಹೀಗೆ ಎರಡು ಕಡೆ ಹಾಕಿ. ನೆಲದಿಂದ ತೇವ ಏರುತ್ತಿದ್ದರೆ ಕೆಳಗಿನದರಲ್ಲೇ ಜಾಸ್ತಿ ಹನಿ ಇರುತ್ತದೆ.

ನಮ್ಮ ಕಡೆಯ ಹಳೆ ಮನೆಗಳಲ್ಲಿ ಇದು ಸಾಮಾನ್ಯ. ಜಂಬಿಟ್ಟಿಗೆ ಕಲ್ಲಿನ ಮೈ ತುಂಬಾ ಸಣ್ಣ ತೂತು. ಪಾಯದಲ್ಲಿ ತೇವ ತಡೆಯುವ ಪದರ ಇಲ್ಲದಿದ್ದರೆ ನೆಲದ ನೀರು ಆ ತೂತುಗಳ ಮೂಲಕ ಮೇಲೇರುತ್ತದೆ. ಮಣ್ಣಿನ ಗೋಡೆಯೂ ಅಷ್ಟೇ. ಸುಣ್ಣ ಬಳಿದ ಗೋಡೆಯಾದರೆ ಆ ನೀರು ಮೇಲ್ಮೈಯಿಂದ ಆರಿ ಹೋಗುತ್ತಿರುತ್ತದೆ. ನಾವು ಅದರ ಮೇಲೆ ಪ್ಲಾಸ್ಟಿಕ್ ಟೈಲ್ ಅಂಟಿಸಿದೆವೋ, ದಾರಿ ಮುಚ್ಚಿತು. ಹಿಂದೆಯೇ ನಿಂತ ನೀರು ಅಂಟನ್ನು ಸಡಿಲ ಮಾಡುತ್ತದೆ. ಅಂಥ ಟೈಲಿನ ಮೂಲೆ ಎತ್ತಿ ನೋಡಿದರೆ ಅಂಟಿನ ಮೇಲೆ ಕರಿ ಬೂಷ್ಟು, ಅದರ ನಡುವೆ ಗೂಡು ಕಟ್ಟಿಕೊಂಡ ಇರುವೆ.

ಹಾಗಾದರೆ ಹಳೆ ಮನೆಯವರು ಏನು ಮಾಡಬೇಕು? ಒಂದು ಉಪಾಯ ಇದೆ. ಸಿಮೆಂಟ್ ಫೈಬರ್ ಬೋರ್ಡ್ ಕೊಯ್ಸಿ, ಗೋಡೆಗೂ ಬೋರ್ಡಿಗೂ ನಡುವೆ ಅರ್ಧ ಇಂಚು ಗಾಳಿಯಾಡುವ ಹಾಗೆ ಪಟ್ಟಿ ಕೊಟ್ಟು ಸ್ಕ್ರೂ ಹಾಕಿಸಿ. ಬೋರ್ಡಿನ ಮೈಗೆ ಪ್ರೈಮರ್, ಅದರ ಮೇಲೆ ಟೈಲ್. ಮೇಲೆ, ಕೆಳಗೆ ಸಂದು ಮುಚ್ಚಬಾರದು. ಇಷ್ಟೆಲ್ಲ ರಗಳೆ ಬೇಡ ಅಂದರೆ ಸುಣ್ಣದ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಎಲ್ಲ ಗೋಡೆಗೂ ಟೈಲ್ ಆಗಲೇಬೇಕು ಅಂತೇನಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಅಂಟುವುದು ಹಳೆಯ ಪಿಂಗಾಣಿ ಟೈಲಿನ ಮೇಲೆ. ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಬಡಾವಣೆಗಳ ಎಷ್ಟೋ ಬಾಡಿಗೆ ಮನೆಗಳಲ್ಲಿ ಮಾಸಿದ ಬಿಳಿ ಟೈಲ್ ಇರುತ್ತದಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದ್ದು.

ಯಾವ ಟೈಲ್, ಎಷ್ಟು ಟೈಲ್

ಅಂಗಡಿಯಲ್ಲಿ ಎಲ್ಲಕ್ಕೂ ಸ್ಟಿಕ್ಕರ್ ಅಂತಲೇ ಹೇಳುತ್ತಾರೆ. ಮುಟ್ಟಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ತೆಳ್ಳಗಿನ ವಿನೈಲ್ ಅಗ್ಗ, ಆದರೆ ಗೋಡೆಯ ಉಬ್ಬು ತಗ್ಗನ್ನೆಲ್ಲ ತೋರಿಸುತ್ತದೆ. ಮೇಲೆ ಜೆಲ್ ತುಂಬಿ ಉಬ್ಬಿಸಿದ ಟೈಲ್ ನೋಡಲು ನಿಜವಾದ ಟೈಲಿಗೆ ಹತ್ತಿರ, ಒರೆಸಲೂ ಸುಲಭ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಫಾಯಿಲ್ ಸುರುಳಿ ಒಂದೆರಡು ವರ್ಷದ ಮಟ್ಟಿಗೆ ಸರಿ. ಇಟ್ಟಿಗೆ ಗೋಡೆಯ ಹಾಗೆ ಕಾಣುವ ಮೆತ್ತಗಿನ ಫೋಮ್ ಹಾಳೆ ಇದೆಯಲ್ಲ, ಅದನ್ನು ಅಡುಗೆಮನೆಗೆ ತರಲೇಬೇಡಿ. ಅದು ಬೆಂಕಿಗೆ ಬೇಗ ಕರಗುತ್ತದೆ, ಹತ್ತಿಕೊಳ್ಳುತ್ತದೆ.

ಅಳತೆಗೆ ಒಂದು ಉದಾಹರಣೆ. ಕಟ್ಟೆ 8 ಅಡಿ ಉದ್ದ, ಟೈಲ್ ಬೇಕಾದ ಎತ್ತರ 2 ಅಡಿ. ಒಟ್ಟು 16 ಚದರ ಅಡಿ. 12 ಇಂಚು ಚೌಕದ ಟೈಲ್ ಆದರೆ 16 ಬೇಕು. 10 ಇಂಚಿನದಾದರೆ ಒಂದು ಟೈಲಿಗೆ ಮುಕ್ಕಾಲು ಚದರ ಅಡಿಯೂ ಸಿಗುವುದಿಲ್ಲ, ಹಾಗಾಗಿ 24 ಬೇಕು. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ. ಒಂದರ ಅಂಚಿನ ಮೇಲೆ ಇನ್ನೊಂದು ಕೂರುವ ಮಾದರಿಯಾದರೆ ಇನ್ನೂ ಎರಡು ಹೆಚ್ಚಿಗೆ ಇರಲಿ. ಎಲ್ಲವನ್ನೂ ಒಂದೇ ಸಲ ತನ್ನಿ. ಆಮೇಲೆ ತಂದರೆ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಬರುತ್ತದೆ, ಅದು ಗೋಡೆ ಮೇಲೆ ಎದ್ದು ಕಾಣುತ್ತದೆ.

ಬೆಂಕಿಯ ವಿಷಯ

ಗ್ಯಾಸ್ ಒಲೆಯ ಬರ್ನರಿಗೂ ಟೈಲಿಗೂ ಕನಿಷ್ಠ 8–9 ಇಂಚು ಅಂತರ ಇರಲಿ. ಪ್ಯಾಕೆಟ್ ಮೇಲೆ ಅದಕ್ಕಿಂತ ಜಾಸ್ತಿ ಬರೆದಿದ್ದರೆ ಅದನ್ನೇ ಪಾಲಿಸಿ. ನಮ್ಮಲ್ಲಿ ಸ್ಟವ್ ಗೋಡೆಗೆ ಒತ್ತಿಕೊಂಡೇ ಇರುತ್ತದೆ. ಅದರ ಮೇಲೆ ದೊಡ್ಡ ಬಾಣಲೆ ಇಟ್ಟಾಗ ಉರಿ ಪಕ್ಕಕ್ಕೆ ಚಾಚುತ್ತದೆ. ಹಾಗಾಗಿ ಒಲೆಯ ನೇರ ಹಿಂದೆ ಸ್ಟೀಲ್ ತಗಡೋ ಗ್ರಾನೈಟ್ ತುಂಡೋ ಹಾಕಿಸಿ, ಅದರ ಎರಡೂ ಪಕ್ಕಕ್ಕೆ ಸ್ಟಿಕ್ಕರ್ ಟೈಲ್ ಬರಲಿ. ನೋಡಲೂ ಚೆಂದ. ಸೌದೆ ಒಲೆ ಇರುವ ಗೋಡೆಗೆ, ಹಂಡೆ ಒಲೆಯ ಅಕ್ಕಪಕ್ಕಕ್ಕೆ ಇದು ಬೇಡವೇ ಬೇಡ.

ಜಿಡ್ಡು ತೆಗೆಯುವುದು

ಕೆಲಸದ ಮುಕ್ಕಾಲು ಪಾಲು ಇದೇ. ಮೊದಲು ಮೇಲಿನ ಇಲ್ಲಣ, ಧೂಳು ಗುಡಿಸಿ. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ, ಸ್ಕ್ರಬ್ಬರ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಶುರು ಮಾಡಿದರೆ ಇಳಿದ ಕೊಳೆನೀರು ಒಣ ಗೋಡೆಯ ಮೇಲೆ ಗೆರೆ ಬಿಡುತ್ತದೆ. ಅಂಟುವಾಳದ ನೀರೂ ಜಿಡ್ಡು ಬಿಡಿಸುತ್ತದೆ, ಮನೆಯಲ್ಲಿದ್ದರೆ ಉಪಯೋಗಿಸಿ. ಯಾವುದರಿಂದ ತೊಳೆದರೂ ಬರೀ ನೀರಿನಿಂದ ಎರಡು ಸಲ ಒರೆಸಬೇಕು, ಸೋಪಿನ ಪಸೆ ಉಳಿದರೂ ಅಂಟು ಹಿಡಿಯುವುದಿಲ್ಲ. ಒಲೆಯ ಹಿಂದಿನ ಗಟ್ಟಿ ಜಿಡ್ಡಿಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ.

ಬೆರಳಿನಿಂದ ಒಮ್ಮೆ ಎಳೆದು ನೋಡಿ. ಪಿಂಗಾಣಿ ಟೈಲಾದರೆ ಕಿರ್ ಅಂತ ಸದ್ದು ಬರಬೇಕು. ಬೆರಳು ಜಾರಿದರೆ ಜಿಡ್ಡು ಇನ್ನೂ ಇದೆ.

ಟೈಲ್ ನಡುವಿನ ಸಂದು ಆಳವಾಗಿದ್ದರೆ ಬಿಳಿ ಸಿಮೆಂಟ್ ತುಂಬಿ ಸಮ ಮಾಡಿ. ಗೋಡೆಯ ಮೊಳೆ ತೂತು, ಬಿರುಕಿಗೆ ಪುಟ್ಟಿ. ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿ, ಪುಡಿ ಒರೆಸಿ, ಪುಟ್ಟಿ ಹಾಕಿದ ಕಡೆ ಪ್ರೈಮರ್ ಕೊಡಿ. ಎಣ್ಣೆ ಬಣ್ಣದ ಗೋಡೆ ಹೊಳೆಯುತ್ತಿದ್ದರೆ ಅದನ್ನೂ ಸ್ವಲ್ಪ ತಿಕ್ಕಿ ಹೊಳಪು ಮುರಿಯಿರಿ. ಆಮೇಲೆ ಎರಡು ದಿನ ಫ್ಯಾನ್ ಹಾಕಿ ಒಣಗಲು ಬಿಡಿ. ಅಂಟಿಸುವ ಮುಂಚೆ ಕೊನೆಯದಾಗಿ ಒಣ ಬಟ್ಟೆಯಿಂದ ಒಂದು ಸಲ ಒರೆಸಿದರೆ ಸಾಕು.

ಗೆರೆ ಎಳೆದು ಅಂಟಿಸಿ

ಕಟ್ಟೆಯ ಅಂಚೇ ನೇರ ಇದೆ ಅಂತ ನಂಬಬೇಡಿ. ಎಷ್ಟೋ ಮನೆಗಳಲ್ಲಿ ಸಿಂಕ್ ಕಡೆಗೆ ನೀರು ಹರಿಯಲಿ ಅಂತ ಕಟ್ಟೆಗೆ ವಾಟ ಕೊಟ್ಟಿರುತ್ತಾರೆ. ರಸಮಟ್ಟ ಹಿಡಿದು, ಕಟ್ಟೆ ಎಲ್ಲಿ ಎಲ್ಲಕ್ಕಿಂತ ತಗ್ಗಿದೆಯೋ ಅಲ್ಲಿಂದ ಒಂದು ಟೈಲಿನ ಎತ್ತರಕ್ಕೆ ಗೋಡೆ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆಯಿರಿ. ಮೊದಲ ಸಾಲಿನ ತಲೆ ಆ ಗೆರೆಗೆ ಕೂರಬೇಕು. ಕಟ್ಟೆ ಏರಿದ ಕಡೆ ಟೈಲಿನ ಬುಡ ಕತ್ತರಿಸಿಕೊಳ್ಳಿ.

ಮೊದಲು ಕಾಗದ ಕೀಳದೆ ಟೈಲ್‌ಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ನೋಡಿ. ಕೊನೆಯಲ್ಲಿ ಒಂದು ಇಂಚಿನ ಸೀಳು ಉಳಿಯುವುದಾದರೆ ಶುರುವಿನ ಟೈಲನ್ನೇ ಅರ್ಧ ಮಾಡಿ. ಸೀಳುಗಳು ಅಂಚಿನಲ್ಲಿ ಮೊದಲು ಎದ್ದೇಳುತ್ತವೆ.

ಅಂಟಿಸುವಾಗ ಕಾಗದವನ್ನು ಪೂರ್ತಿ ಕೀಳಬೇಡಿ. ಮೇಲಿನ ಎರಡು ಇಂಚು ಮಾತ್ರ ಬಿಡಿಸಿ ಹಿಂದಕ್ಕೆ ಮಡಚಿ. ಆ ಅಂಚನ್ನು ಗೆರೆಗೆ ಹಿಡಿದು ಹಗುರವಾಗಿ ತಾಗಿಸಿ. ಸರಿ ಇದೆಯಾ ನೋಡಿಕೊಂಡು, ಒಂದು ಕೈಯಿಂದ ಕಾಗದ ಕೆಳಗೆ ಎಳೆಯುತ್ತಾ ಇನ್ನೊಂದು ಕೈಯಿಂದ ನಡುವಿನಿಂದ ಅಂಚಿಗೆ ಸವರುತ್ತಾ ಬನ್ನಿ. ಓರೆಯಾದರೆ ತಕ್ಷಣ ಎತ್ತಿ ಮತ್ತೆ ಕೂರಿಸಬಹುದು, ಎರಡನೇ ಸಲಕ್ಕಿಂತ ಹೆಚ್ಚು ಎತ್ತಿದರೆ ಅಂಟು ಸೋಲುತ್ತದೆ. ಈ ಅಂಟು ಒತ್ತಡಕ್ಕೆ ಹಿಡಿಯುವಂಥದ್ದು. ಸುಮ್ನೆ ತಾಗಿಸಿದರೆ ಸಾಲದು, ಹಳೆ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ಮೂಲೆ ಮೂಲೆಯನ್ನೂ ತೀಡಬೇಕು. ತೆಳು ವಿನೈಲ್‌ನಲ್ಲಿ ಗಾಳಿ ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಿ. ಚಳಿಗಾಲದ ಬೆಳಿಗ್ಗೆ ಅಂಟು ಬಿರುಸಾಗಿರುತ್ತದೆ, ಬಿಸಿಲೇರಿದ ಮೇಲೆ ಶುರು ಮಾಡಿ.

ಇಬ್ಬರಿದ್ದರೆ ಕೆಲಸ ಬೇಗ ಸಾಗುತ್ತದೆ. ಒಬ್ಬರು ಕತ್ತರಿಸಲಿ, ಒಬ್ಬರು ಅಂಟಿಸಲಿ. ಇಬ್ಬರೂ ಅಂಟಿಸಿದರೆ ಸಾಲು ಓರೆಯಾಗುತ್ತದೆ, ಆಮೇಲೆ ಯಾರದ್ದು ತಪ್ಪು ಅಂತ ಜಗಳ.

ಸ್ವಿಚ್ ಬೋರ್ಡ್ ಬಂದಾಗ

ಮಿಕ್ಸಿ, ಫ್ರಿಜ್ಜಿನ ಪ್ಲಗ್ ಇರುವ ಬೋರ್ಡ್ ಸಾಮಾನ್ಯವಾಗಿ ಇದೇ ಗೋಡೆಯಲ್ಲಿ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ. ಅಷ್ಟಕ್ಕೇ ನಿಲ್ಲಬೇಡಿ. ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಯುಪಿಎಸ್ ಇರುವ ಮನೆಗಳೇ ಜಾಸ್ತಿ. ಮೇನ್ ಆಫ್ ಆದ ಕೂಡಲೇ ಅದು ಕರೆಂಟ್ ಹೋಯಿತು ಅಂದುಕೊಂಡು ತನ್ನ ಲೈನಿಗೆ ವಿದ್ಯುತ್ ಕೊಡಲು ಶುರು ಮಾಡುತ್ತದೆ. ಅದನ್ನೂ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಪ್ಲೇಟಿನ ಸ್ಕ್ರೂ ಸಡಿಲಿಸಿ. ವೈರ್ ಮುಟ್ಟುವ ಅಗತ್ಯ ಇಲ್ಲ. ಪ್ಲೇಟ್ ಅರ್ಧ ಇಂಚು ಮುಂದೆ ಬಂದರೆ ಸಾಕು.

ಬೋರ್ಡಿನ ಅಳತೆಯನ್ನು ಮೊದಲು ಹಳೆ ಕ್ಯಾಲೆಂಡರ್ ಹಾಳೆಯಲ್ಲಿ ಕತ್ತರಿಸಿ ಗೋಡೆಗೆ ಹಿಡಿದು ನೋಡಿ. ಸರಿಹೋದರೆ ಅದನ್ನು ಟೈಲಿನ ಹಿಂದೆ ಇಟ್ಟು ಗುರುತು ಮಾಡಿ. ಹಿಂದಿನಿಂದ ಗುರುತು ಮಾಡುವಾಗ ಹಾಳೆಯನ್ನು ಮಗುಚಿ ಇಡಬೇಕು, ಇಲ್ಲವಾದರೆ ಎಡದ ತೂತು ಬಲಕ್ಕೆ ಬರುತ್ತದೆ. ತೂತು ಪ್ಲೇಟಿಗಿಂತ ಸುತ್ತಲೂ ಕಾಲು ಇಂಚು ಚಿಕ್ಕದಿರಲಿ, ಪ್ಲೇಟ್ ಮತ್ತೆ ಕೂರಿಸಿದಾಗ ಅಂಚು ಮುಚ್ಚಿಹೋಗುತ್ತದೆ. ಸ್ಟೀಲ್ ಸ್ಕೇಲ್ ಹಿಡಿದು ಕಟ್ಟರ್‌ನಿಂದ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಲೋಹದ ಟೈಲ್ ಅಥವಾ ಫಾಯಿಲ್ ಆದರೆ ಅದು ಬೋರ್ಡಿನ ಒಳಗೆ ಚಾಚಬಾರದು. ಆ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ವಾಸಿ.

ಅಂಚು, ಆಮೇಲಿನ ಎರಡು ದಿನ

ಕಟ್ಟೆ ಮತ್ತು ಟೈಲ್ ಸೇರುವ ಕಡೆ, ಸಿಂಕಿನ ಹಿಂದೆ ಸಿಲಿಕಾನ್ ಸೀಲೆಂಟ್‌ನ ಸಣ್ಣ ಗೆರೆ ಎಳೆಯಿರಿ. ನೀರು ಒಳಗೆ ಇಳಿಯುವುದೂ ಇಲ್ಲ, ಇರುವೆ ಜಿರಳೆಗೆ ದಾರಿಯೂ ಇಲ್ಲ. ಒದ್ದೆ ಬೆರಳಿನಿಂದ ಸವರಿದರೆ ನೀಟಾಗಿ ಕೂರುತ್ತದೆ. ಗೋಡೆಗೆ ಸಿಮೆಂಟ್ ಫೈಬರ್ ಬೋರ್ಡ್ ಹಾಕಿಸಿ ಅದರ ಮೇಲೆ ಅಂಟಿಸಿದವರಿಗೆ ಇದು ಅನ್ವಯಿಸುವುದಿಲ್ಲ, ಅವರ ಸಂದು ತೆರೆದೇ ಇರಲಿ.

ಎರಡು ದಿನ ಆ ಗೋಡೆಗೆ ನೀರು, ಹಬೆ ತಾಗದಿರಲಿ. ಅಂಟು ನಿಧಾನವಾಗಿ ಬಲಿಯುತ್ತದೆ. ಮಾರನೇ ದಿನವೇ ಕಡುಬಿನ ಪಾತ್ರೆ ಏರಿಸಬೇಡಿ. ನಂತರ ದಿನಬಳಕೆಗೆ ಮೆತ್ತಗಿನ ಒದ್ದೆ ಬಟ್ಟೆ ಸಾಕು, ಸ್ಟೀಲ್ ನಾರು ಬೇಡ. ಅರಿಶಿನ ಸಿಡಿದರೆ ಆಗಲೇ ಒರೆಸಿ. ಪ್ಲಾಸ್ಟಿಕ್ ಅರಿಶಿನದ ಬಣ್ಣವನ್ನು ಹೀರಿಕೊಳ್ಳುತ್ತದೆ. ಬಿಸಿಲಿಗೆ ಇಟ್ಟರೆ ಆ ಕಲೆ ಮಾಸುತ್ತದೆ ನಿಜ, ಗೋಡೆಯನ್ನು ಅಂಗಳದಲ್ಲಿ ಒಣಗಿಸಲಿಕ್ಕೆ ಆಗುವುದಿಲ್ಲವಲ್ಲ.

ಮೊದಲ ಮಳೆಗಾಲದಲ್ಲಿ ಆಗಾಗ ಮೂಲೆಗಳನ್ನು ಒತ್ತಿ ನೋಡುತ್ತಿರಿ. ಎದ್ದ ಮೂಲೆಯನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಒತ್ತಿದರೆ ಸಾಮಾನ್ಯವಾಗಿ ಕೂರುತ್ತದೆ. ಹಿಂದೆ ಒದ್ದೆಯಾಗಿದ್ದರೆ ಒತ್ತಬೇಡಿ, ಆ ಟೈಲ್ ತೆಗೆದು ಗೋಡೆ ಒಣಗಲು ಬಿಡಿ.

ತೆಗೆಯುವ ಕಾಲ ಬಂದಾಗಲೂ ಹೇರ್ ಡ್ರೈಯರ್ ಬೇಕು. ಮೂಲೆಯಿಂದ ಬಿಸಿ ಮಾಡುತ್ತಾ, ನಿಧಾನವಾಗಿ ಕೆಳಕ್ಕೆ ಎಳೆಯಿರಿ. ಉಳಿದ ಅಂಟಿಗೆ ಹಲಸಿನ ಮೇಣಕ್ಕೆ ಮಾಡುವ ಹಾಗೇ ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಆಮೇಲೆ ಸೋಪು ಹಾಕಿ ತೊಳೆಯಿರಿ. ಪಿಂಗಾಣಿ ಟೈಲಿನ ಮೇಲಿಂದ ಗುರುತಿಲ್ಲದೆ ಹೋಗುತ್ತದೆ. ಬಣ್ಣದ ಗೋಡೆಯಾದರೆ ಅಲ್ಲಲ್ಲಿ ಬಣ್ಣವೂ ಕಿತ್ತು ಬರಬಹುದು. ಬಾಡಿಗೆ ಮನೆಯವರು ಈ ಮಾತನ್ನು ಅಂಟಿಸುವ ಮುಂಚೆಯೇ ಓನರ್ ಕಿವಿಗೆ ಹಾಕಿ, ಹಳೆ ಗೋಡೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಡ್ವಾನ್ಸ್ ವಾಪಸ್ ಕೇಳುವ ದಿನ ಬೇಕಾಗುತ್ತದೆ.