ಸಮುದಾಯ ಶುಶ್ರೂಷಕಿ ಹುದ್ದೆ: ಸಹಿ ಹಾಕುವ ಮುನ್ನ ನೋಡಬೇಕಾದದ್ದು

ನರ್ಸಿಂಗ್ ಓದಿದವರಿಗೆ ಆಸ್ಪತ್ರೆಯ ವಾರ್ಡಿನ ಹೊರಗೂ ಕೆಲಸವಿದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಉಪಕೇಂದ್ರಗಳಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳು, ನಗರದ ‘ನಮ್ಮ ಕ್ಲಿನಿಕ್’ಗಳಲ್ಲಿ ಶುಶ್ರೂಷಾಧಿಕಾರಿಗಳು ಇರುತ್ತಾರೆ, ಹಾಸಿಗೆ ಹಿಡಿದ ಹಿರಿಯರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಖಾಸಗಿ ಕೆಲಸವೂ ಉಂಟು. ಊರವರ ಬಾಯಲ್ಲಿ ಇವರೆಲ್ಲರೂ ‘ನರ್ಸಬಾಯಿ’ಯೇ ಆದರೂ, ಸಂಬಳ, ರಜೆ, ಭದ್ರತೆಯ ಲೆಕ್ಕದಲ್ಲಿ ಒಬ್ಬರ ಸ್ಥಿತಿ ಇನ್ನೊಬ್ಬರದಲ್ಲ.

ಮೊದಲು ದಾಖಲೆಗಳನ್ನು ಸರಿಪಡಿಸಿಕೊಳ್ಳಬೇಕು. ಎಎನ್‌ಎಂ (ಸಹಾಯಕ ಶುಶ್ರೂಷೆ ಮತ್ತು ಪ್ರಸೂತಿ ಆರೈಕೆ) 2 ವರ್ಷ, ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಆರೈಕೆ) 3 ವರ್ಷ, ಬಿಎಸ್‌ಸಿ ನರ್ಸಿಂಗ್ 4 ವರ್ಷದ ಶಿಕ್ಷಣ. ಯಾವುದನ್ನು ಓದಿದ್ದರೂ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮತ್ತು ನೋಂದಣಿ ಪತ್ರದಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ತೋರಿಸಬೇಕೇ ಹೊರತು, ಯಾವ ಏಜೆನ್ಸಿಯ ಕೈಯಲ್ಲೂ ಬಿಟ್ಟು ಬರಬಾರದು.

ಎರಡನೆಯದಾಗಿ, ನೇಮಕ ಮಾಡುತ್ತಿರುವವರು ಯಾರೆಂದು ಆದೇಶ ಪತ್ರದಲ್ಲಿ ಹುಡುಕಬೇಕು. ಇಲಾಖೆಯ ಕಾಯಂ ಹುದ್ದೆಯಾದರೆ ಸೇವಾ ನಿಯಮಗಳೇ ಎಲ್ಲವನ್ನೂ ಹೇಳುತ್ತವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯಾದರೆ ಅವಧಿ ಎಂದು ಮುಗಿಯುತ್ತದೆ, ನವೀಕರಣ ಯಾವುದನ್ನು ಅವಲಂಬಿಸಿದೆ, ಸಮುದಾಯ ಆರೋಗ್ಯ ಅಧಿಕಾರಿಯ ವೇತನದಲ್ಲಿ ನಿಗದಿತ ಮೊತ್ತವೆಷ್ಟು, ಕಾರ್ಯಸಾಧನೆ ಆಧರಿಸಿದ ಪ್ರೋತ್ಸಾಹಧನವೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಎರಡನ್ನೂ ಕೂಡಿಸಿ ಹೇಳುವ ಅಂಕಿಯನ್ನು ನಂಬಿ ಮನೆ ಬಾಡಿಗೆ ಗೊತ್ತು ಮಾಡುವುದು ಜಾಣತನವಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಹೊರಗುತ್ತಿಗೆಯಲ್ಲಿ. ಭವಿಷ್ಯ ನಿಧಿಗೆ ನೌಕರರ ಪಾಲು ಶೇ 12, ಸಂಸ್ಥೆಯ ಪಾಲೂ ಅಷ್ಟೇ. ಮೂಲ ವೇತನ ₹15,000 ಇದ್ದರೆ ನಿಮ್ಮ ಸಂಬಳದಿಂದ ಮುರಿಯಬೇಕಾದದ್ದು ₹1,800 ಮಾತ್ರ. ಸಂಸ್ಥೆ ಕಟ್ಟಬೇಕಾದ ₹1,800 ಅನ್ನೂ ನಿಮ್ಮಿಂದಲೇ ಕಡಿತ ಮಾಡಲು ಕಾನೂನಿನಲ್ಲಿ ಅವಕಾಶವಿಲ್ಲ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲೇ ನಿಮ್ಮ ಭವಿಷ್ಯ ನಿಧಿ ಖಾತೆಯ ಯುಎಎನ್ ಸಂಖ್ಯೆಯಿಂದ ಪಾಸ್‌ಬುಕ್ ತೆರೆದು, ಹಣ ಜಮೆಯಾಗಿದೆಯೇ ಎಂದು ನೋಡಿ. ತಿಂಗಳ ವೇತನ ₹21,000ದ ಒಳಗಿದ್ದು ಸಂಸ್ಥೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಅದರ ಕಾರ್ಡನ್ನೂ ಕೇಳಿ ಪಡೆಯಬೇಕು.

ಇಷ್ಟಾದ ಮೇಲೆ ಊರನ್ನು ಕಣ್ಣಾರೆ ನೋಡಿ ಬರುವುದು ಲೇಸು. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ನಿಯಮ. ಆದರೆ ಆ ಜನ ಒಂದೇ ಊರಿನಲ್ಲಿದ್ದಾರೆಯೇ, ನಾಲ್ಕು ಹಳ್ಳಿ, ಎರಡು ತಾಂಡಾಗಳಲ್ಲಿ ಹಂಚಿಹೋಗಿದ್ದಾರೆಯೇ ಎಂಬುದು ನಿಮ್ಮ ದಿನವನ್ನು ನಿರ್ಧರಿಸುತ್ತದೆ. ನವಲಗುಂದ, ನರಗುಂದ, ರೋಣದ ಎರೆಭೂಮಿಯಲ್ಲಿ ಒಂದು ಮಳೆಗೆ ಹೊಲದ ದಾರಿಯ ಮಣ್ಣು ಸ್ಕೂಟಿಯ ಗಾಲಿಗೆ ಮೆತ್ತಿಕೊಂಡು ಗಾಡಿ ಮುಂದೆ ಹೋಗುವುದಿಲ್ಲ. ಬೆಣ್ಣೆಹಳ್ಳ ತುಂಬಿ ಹರಿದಾಗ ಆಚೆ ದಂಡೆಯ ಊರಿಗೆ ಸುತ್ತು ಹಾಕಬೇಕಾಗುತ್ತದೆ. ಕೊನೆಯ ಬಸ್ ಎಷ್ಟು ಹೊತ್ತಿಗೆ, ವಸತಿಗೃಹದ ಬಾಗಿಲಿಗೆ ಗಟ್ಟಿ ಚಿಲಕವಿದೆಯೇ, ಶೌಚಾಲಯಕ್ಕೆ ನೀರು ಬರುತ್ತದೆಯೇ ಎಂಬುದನ್ನು ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಕಚೇರಿಯಲ್ಲಿ ಸಿಗುವ ಉತ್ತರಕ್ಕಿಂತ ಆಕೆಯ ಮಾತೇ ನಿಖರ.

ಕೆಲಸ ಶುರುವಾದ ಮೇಲೆ ಬಹಳಷ್ಟು ಹೊತ್ತು ನುಂಗುವುದು ದಾಖಲೆಯೇ. ಲಸಿಕೆ ದಿನದ ಪಟ್ಟಿಯಲ್ಲಿ ಹೆಸರಿರುವ ಕೂಸಿನ ಮನೆಗೆ ಹೋದರೆ, ‘ಬಾಣಂತಿ ಇನ್ನೂ ತವರಮನ್ಯಾಗ ಅದಾಳ್ರಿ, ಸಿಸ್ಟರ್’ ಎಂಬ ಉತ್ತರ ನಮ್ಮ ಕಡೆ ಸಾಮಾನ್ಯ. ಗದಗ ಜಿಲ್ಲೆಯ ತಾಂಡಾಗಳಿಂದ ಕುಟುಂಬಗಳು ಗೋವೆಗೆ ದುಡಿಯಲು ಹೋದಾಗ ಮಕ್ಕಳೂ ಜೊತೆಗೆ ಹೋಗಿರುತ್ತಾರೆ. ಇಂಥದ್ದನ್ನು ಭೇಟಿಯ ದಿನಾಂಕ, ಹೋದ ಊರು, ಫೋನ್ ಮಾಡಿ ವಿಚಾರಿಸಿದ ವಿವರದೊಂದಿಗೆ ಸ್ವಂತ ಡೈರಿಯಲ್ಲಿ ಅಂದೇ ಬರೆದಿಡಬೇಕು. ಗುರಿ ತಲುಪಿಲ್ಲವೆಂದು ಸಭೆಯಲ್ಲಿ ಪ್ರಶ್ನೆ ಬಂದಾಗ ನಿಮ್ಮ ಬೆನ್ನಿಗೆ ನಿಲ್ಲುವುದು ಅದೊಂದೇ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ. ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸುಗಳನ್ನು (ಮೊದಲನೆಯದು, 1 ತಿಂಗಳಿಗೆ, 6 ತಿಂಗಳಿಗೆ) ಮುಗಿಸಿಕೊಳ್ಳಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ ಆಗಲೇ ಹಬ್ ಕಟರ್‌ನಲ್ಲಿ (ಸೂಜಿ ಕತ್ತರಿಸುವ ಸಾಧನ) ಕತ್ತರಿಸಬೇಕು. ಒಂದು ವೇಳೆ ಚುಚ್ಚಿಕೊಂಡರೆ ಬೆರಳನ್ನು ಹಿಂಡಬಾರದು, ಬಾಯಿಗೆ ಇಡಬಾರದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಕೂಡಲೇ ವೈದ್ಯಾಧಿಕಾರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ವೈದ್ಯರು ಹೇಳಿದರೆ 2 ಗಂಟೆಯೊಳಗೆ ಆರಂಭಿಸುವುದು ಉತ್ತಮ, 72 ಗಂಟೆ ಮೀರಬಾರದು, ಮತ್ತು 28 ದಿನ ಬಿಡದೆ ತೆಗೆದುಕೊಳ್ಳಬೇಕು. ಘಟನೆ ನಡೆದ ಹೊತ್ತನ್ನು ಲಿಖಿತವಾಗಿ ದಾಖಲಿಸುವುದನ್ನು ಮಾತ್ರ ಮರೆಯಬಾರದು. ಮುಂದೆ ಪರಿಹಾರ ಕೇಳುವಾಗ ಬಾಯಿಮಾತಿಗೆ ಬೆಲೆಯಿಲ್ಲ.

ಕೆಲಸದ ಮೇಲಿದ್ದಾಗ ಯಾರಾದರೂ ಕೈ ಮಾಡಿದರೆ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ 2009ರ ರಾಜ್ಯ ಕಾಯ್ದೆ ನರ್ಸ್‌ಗಳಿಗೂ ಅನ್ವಯಿಸುತ್ತದೆ. ದೂರಿನಲ್ಲಿ ಅದರ ಉಲ್ಲೇಖವಿರಲಿ. ಹೆರಿಗೆ ರಜೆಯ ಮಾತೂ ಹೀಗೆಯೇ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಹೆರಿಗೆ ಸೌಲಭ್ಯ ಕಾನೂನಿನಂತೆ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗಬೇಕು. ಗುತ್ತಿಗೆ ಎಂಬ ಒಂದೇ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ. ಅರ್ಜಿಯನ್ನು ಎರಡು ಪ್ರತಿಯಲ್ಲಿ ಬರೆದು, ಒಂದರ ಮೇಲೆ ಕಚೇರಿಯ ಮೊಹರು ಮತ್ತು ಸ್ವೀಕೃತಿಯ ದಿನಾಂಕ ಹಾಕಿಸಿಕೊಂಡೇ ಹೊರಬನ್ನಿ.