14 ನಿಮಿಷದ ಫೋನು

ಬೆಳಿಗ್ಗೆ ಹತ್ತಕ್ಕೆ ಬ್ರಹ್ಮಾವರದಿಂದ ಅಕ್ಕನ ಫೋನು. ಮುಂಬಯಿಯ ಭಾಂಡುಪ್‌ನ ಖೋಲಿಯಲ್ಲಿ ನಾನಿನ್ನೂ ಮಲಗಿದ್ದೆ. "ಆ ಐವತ್ತು ಸಾವಿರ ಇವತ್ತು ಹಾಕ್ತಿಯಾ, ನಾಳೆಯಾ? ಮಗಳ ನರ್ಸಿಂಗ್ ಫೀಸಿಗೆ ಶುಕ್ರವಾರ ಕೊನೆ ದಿನ ಮಾರಾಯಾ" ಅಂದಳು. ಯಾವ ಐವತ್ತು ಸಾವಿರ ಅಂತ ನಾನು ಕೇಳಲಿಲ್ಲ. ಇಂಥ ಬೆಳಗುಗಳನ್ನು ದಾಟಿಸುವ ವಿದ್ಯೆ ಅಷ್ಟರಲ್ಲಿ ಕರಗತವಾಗಿತ್ತು. "ನೋಡ್ತೇನೆ ಅಕ್ಕ, ಸೇಠ್ ಹತ್ರ ಮಾತಾಡ್ಬೇಕು" ಅಂತ ಫೋನಿಟ್ಟು ಕಾಲ್ ಲಿಸ್ಟ್ ತೆರೆದೆ. ರಾತ್ರಿ 1.52ಕ್ಕೆ ನಾನೇ ಕರೆ ಮಾಡಿ ಅವಳನ್ನು ಎಬ್ಬಿಸಿದ್ದೆ. 14 ನಿಮಿಷ ಮಾತು. ಒಂದು ಶಬ್ದವೂ ನೆನಪಿಲ್ಲ.

ಹಿಂದಿನ ದಿನ ಅಮಾವಾಸ್ಯೆ. ಊರಲ್ಲಿ ಅದು ಆಟಿ ಅಮಾವಾಸ್ಯೆ, ಬೆಳ್ಳಂಬೆಳಿಗ್ಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುವ ದಿನ. ಮುಂಬಯಿಯಲ್ಲಿ ಅದೇ ಗಟಾರಿ. ನಾಳೆಯಿಂದ ಶ್ರಾವಣ ಎಂದು ಇವತ್ತೇ ಕುಡಿದು ಮುಗಿಸುವ ರಾತ್ರಿ. ನಾನಾಗ ಒಂದು ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ಕ್ಯಾಶಿಯರ್. ಹನ್ನೊಂದೂವರೆಗೆ ಕೌಂಟರಿನ ಕೆಳಗೆ ಸ್ಟೀಲ್ ಲೋಟ ಇಟ್ಟುಕೊಂಡದ್ದು ನೆನಪಿದೆ. ಒಂಬತ್ತನೇ ಟೇಬಲಿನವರು ಚಕ್ಣಾಕ್ಕೆ, ಕುಡಿಯುವಾಗ ನಂಜಿಕೊಳ್ಳುವ ತಿಂಡಿಗೆ, ಜಗಳ ತೆಗೆದದ್ದೂ ನೆನಪಿದೆ. ಆಮೇಲೆ ಖೋಲಿಯ ಫ್ಯಾನು, ಅಕ್ಕನ ಫೋನು.

ಮಧ್ಯಾಹ್ನ ಡ್ಯೂಟಿಗೆ ಹೋದವನೇ ಗಲ್ಲಾದ ಚೀಟಿ ನೋಡಿದೆ. ಐನೂರರದು ಇಷ್ಟು, ಇನ್ನೂರರದು ಇಷ್ಟು, ಚಿಲ್ಲರೆ ಇಷ್ಟು. ನನ್ನದೇ ಕೈಬರಹ, ಒಂದು ಅಂಕಿಯೂ ಅಡ್ಡಾದಿಡ್ಡಿ ಇಲ್ಲ. ಕೂಡಿ ನೋಡಿದೆ, ರೂಪಾಯಿಗೆ ರೂಪಾಯಿ ತಾಳೆ. ಲೆಕ್ಕ ತಪ್ಪಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ. ಇಷ್ಟೆಲ್ಲ ಎಣಿಸಿದವನು ಯಾರು?

ಮರೆವು ಮತ್ತು ಕುಡಿದಾಗ ಹೀಗೆ ನೆನಪೇ ಉಳಿಯದ ಬ್ಲ್ಯಾಕ್‌ಔಟ್ ಬೇರೆಬೇರೆ ಎಂದು ಮುಂದೆ ಡಾಕ್ಟರ್ ಹೇಳಿದ್ದನ್ನು ನಾನು ನಮ್ಮ ಹೋಟೆಲ್ ಭಾಷೆಗೆ ತಂದುಕೊಂಡದ್ದು ಹೀಗೆ. ವೇಟರ್ ಆರ್ಡರ್ ತೆಗೆದುಕೊಳ್ಳುತ್ತಾನೆ, ಅಡುಗೆಮನೆಯಿಂದ ತಟ್ಟೆ ಬರುತ್ತದೆ, ಗಿರಾಕಿ ತಿಂದು ಎದ್ದು ಹೋಗುತ್ತಾನೆ. ಎಲ್ಲ ಸರಿಯಾಗಿಯೇ ನಡೆದಿದೆ, ಬಿಲ್ ಬುಕ್ಕಿನಲ್ಲಿ ಮಾತ್ರ ಬರೆದಿಲ್ಲ. ನಾಳೆ ಬುಕ್ಕು ತಿರುವಿದರೆ ಎಲ್ಲಿಂದ ಸಿಗಬೇಕು? ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ಈ ಬರೆದಿಡುವ ಕೆಲಸ ಮಾಡುತ್ತದೆ. ರಕ್ತದಲ್ಲಿ ಮದ್ಯ ಒಮ್ಮೆಲೇ ಏರಿದರೆ ಅದು ಕೈಚೆಲ್ಲುತ್ತದೆ. ಒಂದೆರಡು ನಿಮಿಷದ ನೆನಪು ಆಗಲೂ ಇರುತ್ತದೆ, ಹಾಗಾಗಿ ಮನುಷ್ಯ ಮಾತಾಡುತ್ತಾನೆ, ನೋಟು ಎಣಿಸುತ್ತಾನೆ, ರಿಕ್ಷಾದವನ ಹತ್ತಿರ ಚೌಕಾಸಿ ಮಾಡುತ್ತಾನೆ. ಎದುರಿಗಿದ್ದವರಿಗೆ ಗೊತ್ತಾಗುವುದೇ ಇಲ್ಲ. ಕೆಲವು ಸಲ ಯಾರಾದರೂ ಸುಳಿವು ಕೊಟ್ಟರೆ ಅಲ್ಲಲ್ಲಿ ಒಂದೊಂದು ಸಾಲು ಕಾಣಿಸುತ್ತದೆ. ಅದು ಅರೆಬರೆ ಬ್ಲ್ಯಾಕ್‌ಔಟ್. ನನ್ನದು ಇಡೀ ಪುಟವೇ ಖಾಲಿಯಾಗುವ ಜಾತಿ.

ಬಾರಿನಲ್ಲಿ ಹದಿನೆಂಟು ವರ್ಷ ಪೆಗ್ ಅಳೆಯುವುದನ್ನು ನೋಡಿದವನಿಗೆ ಈ ಲೆಕ್ಕ ಗೊತ್ತಿರಬೇಕಿತ್ತು. ನಮ್ಮಲ್ಲಿ ವಿಸ್ಕಿ, ರಮ್ ಸಾಮಾನ್ಯವಾಗಿ 42.8 ಶೇಕಡಾದ್ದು. 30 ಮಿಲಿಯ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ ಅಷ್ಟೇ, ಕೆಲವರಲ್ಲಿ ಇನ್ನೂ ಕಡಿಮೆ. ನಾನು ಖಾಲಿ ಹೊಟ್ಟೆಯಲ್ಲಿ ಒಂದೂವರೆ ಗಂಟೆಯೊಳಗೆ ಒಂದೂವರೆ ಕ್ವಾರ್ಟರ್, ಅಂದರೆ 270 ಮಿಲಿ, ಇಳಿಸುತ್ತಿದ್ದೆ. 90 ಗ್ರಾಂ. ಕರಗಲು ಒಂಬತ್ತು ಗಂಟೆಗೂ ಮಿಕ್ಕಿ ಬೇಕು. ಬೆಳಿಗ್ಗೆ ಹತ್ತಕ್ಕೆ ಅಕ್ಕನ ಜೊತೆ ಮಾತಾಡಿದವನೂ ಪೂರ್ತಿ ಇಳಿದವನಾಗಿರಲಿಕ್ಕಿಲ್ಲ. ರಕ್ತದಲ್ಲಿ 0.16 ಶೇಕಡಾ ದಾಟಿದರೆ ಬ್ಲ್ಯಾಕ್‌ಔಟಿನ ಅಪಾಯ ಜೋರು ಅನ್ನುತ್ತಾರೆ. ನಾಕಾಬಂದಿಯಲ್ಲಿ ಪೊಲೀಸರು ಊದಿಸಿ ನೋಡುವ ಮಿತಿಯ ಐದು ಪಟ್ಟಿಗೂ ಜಾಸ್ತಿ.

ಹಾಗಾದರೆ ನಾನು ಕುಡುಕನೋ ಅಲ್ಲವೋ? ಈ ಪ್ರಶ್ನೆಯನ್ನು ನಾನು ಎರಡು ವರ್ಷ ಜೋಪಾನವಾಗಿ ಸಾಕಿದೆ. ಉತ್ತರ ಸಿಗುವವರೆಗೆ ಕುಡಿಯಬಹುದಲ್ಲ! ಮೊಬೈಲಿನಲ್ಲಿ ಹುಡುಕಿದರೆ ನನಗೆ ಬೇಕಾದದ್ದೂ ಸಿಗುತ್ತಿತ್ತು. ಜೆಲಿನೆಕ್ ಎಂಬ ಸಂಶೋಧಕ 1952ರಲ್ಲಿ ಬ್ಲ್ಯಾಕ್‌ಔಟ್ ವ್ಯಸನದ ಆರಂಭದ ಗುರುತು ಅಂದಿದ್ದ. ಅದನ್ನು ಬೇಗ ಓದಿ ಮುಂದೆ ಹೋದೆ. 1969ರಲ್ಲಿ ಗುಡ್‌ವಿನ್ ಎಂಬ ಡಾಕ್ಟರ್ ಆಸ್ಪತ್ರೆ ಸೇರಿದ್ದ 100 ಮದ್ಯವ್ಯಸನಿಗಳನ್ನು ವಿಚಾರಿಸಿದಾಗ ಮೂರನೇ ಒಂದು ಪಾಲಿಗಿಂತ ಹೆಚ್ಚಿನವರಿಗೆ ಅದು ಒಮ್ಮೆಯೂ ಆಗಿರಲಿಲ್ಲ. 2002ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಕೇಳಿದರೆ ಕುಡಿಯುವ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ತಮಗೂ ಆಗಿದೆ ಅಂದರು. ನನಗೆ ಇಷ್ಟು ಸಾಕಾಗಿತ್ತು. ವಿಷಯ ನಿಜವೂ ಹೌದು: ಒಂದು ಮದುವೆ ಮನೆಯಲ್ಲಿ ಗಡಬಡಿಸಿ ಕುಡಿದು ರಾತ್ರಿ ಕಳೆದುಕೊಂಡವನೆಲ್ಲ ವ್ಯಸನಿಯಲ್ಲ. ಆದರೆ ನನ್ನದು ಒಂದು ಮದುವೆ ಮನೆಯಾಗಿರಲಿಲ್ಲ, ವಾರಕ್ಕೆ ಎರಡು ರಾತ್ರಿ.

ಇನ್ನೊಂದು ಸಾಕ್ಷಿಯನ್ನೂ ಇಟ್ಟುಕೊಂಡಿದ್ದೆ. ಮೂರು ವರ್ಷ ಹಿಂದೆ ಅಯ್ಯಪ್ಪನ ಮಾಲೆ ಹಾಕಿ 41 ದಿನ ಮುಟ್ಟಿರಲಿಲ್ಲ. ಹೆಂಡತಿ ಏನಾದರೂ ಅಂದರೆ ಮಾಲೆಯ ಕಥೆ ತೆಗೆಯುತ್ತಿದ್ದೆ. ಅವಳು ಒಮ್ಮೆ, "ನೀವು ಬಿಟ್ಟದ್ದು 41 ದಿನ ಅಂತ ಇಷ್ಟು ಸರಿಯಾಗಿ ನೆನಪುಂಟಲ್ಲ, ಅದೇ ಸಾಕು" ಅಂದಳು.

ಆ ಫೋನಿನ ವಾರವೇ ಒಂದು ಇನ್ನೂರು ಪುಟದ ಪುಸ್ತಕ ತಂದೆ. ನಿಯಮ: ಊಟ ಮಾಡಿಯೇ ಕುಡಿಯುವುದು, ಅಳತೆ ಲೋಟದಲ್ಲೇ ಹುಯ್ಯುವುದು, ನಾಲ್ಕು ಸ್ಮಾಲ್‌ಗೆ ನಿಲ್ಲಿಸುವುದು, ಪ್ರತಿ ಸ್ಮಾಲ್‌ಗೂ ಒಂದು ಗೀಟು. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಹೆಚ್ಚಿನ ಪುಟಗಳಲ್ಲಿ ಮೊದಲ ನಾಲ್ಕು ಗೀಟು ಕಂಬದ ಹಾಗೆ ನೆಟ್ಟಗೆ, ಐದನೆಯದು ಸ್ವಲ್ಪ ವಾಲಿದ್ದು, ಆರನೆಯದು ಕೆಳಗಿನ ಸಾಲಿಗೆ ಜಾರಿದ್ದು. ಆಮೇಲೆ ಗೀಟೇ ಇಲ್ಲ. ಉಳಿದದ್ದನ್ನು ಬೆಳಿಗ್ಗೆ ಬಾಟಲಿ ನೋಡಿ ತುಂಬಿಸಬೇಕು. 30 ದಿನದಲ್ಲಿ 26 ದಿನ ಕುಡಿದಿದ್ದೆ, ಅದರಲ್ಲಿ 19 ದಿನ ನಾಲ್ಕಕ್ಕೆ ನಿಂತಿರಲಿಲ್ಲ. ಮದ್ಯ ಮಾರದ ಡ್ರೈ ಡೇಗೆಂದು ಮುಂಚೆಯೇ ಒಂದು ಕ್ವಾರ್ಟರ್ ಅಕ್ಕಿ ಡಬ್ಬದಲ್ಲಿ ಹುಗಿದದ್ದನ್ನೂ ಬರೆದಿದ್ದೆ. ಅದನ್ನು ಯಾಕೆ ಬರೆದೆನೋ, ಕ್ಯಾಶಿಯರ್ ಬುದ್ಧಿ.

ಪುಸ್ತಕ ಹಿಡಿದುಕೊಂಡೇ ಸರಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋದೆ. ಡಾಕ್ಟರಮ್ಮ ಮರಾಠಿಯವರು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಹಾಳೆ ತೆಗೆದರು. ಪ್ರತಿ ಪ್ರಶ್ನೆಗೂ ಹೆಚ್ಚೆಂದರೆ 4 ಅಂಕ, ಒಟ್ಟು 40. ನಾನು ಹೆದರಿದ್ದ ಬ್ಲ್ಯಾಕ್‌ಔಟು ಎಂಟನೆಯ ಪ್ರಶ್ನೆ, ಹತ್ತರಲ್ಲಿ ಒಂದು. ಶುರುಮಾಡಿದರೆ ನಿಲ್ಲಿಸಲಾಗುತ್ತದೆಯೇ, ಬೆಳಿಗ್ಗೆ ಒಂದು ಗುಟುಕು ಬೇಕಾಗುತ್ತದೆಯೇ, ಕುಡಿತದಿಂದ ಮಾಡಬೇಕಾದ ಕೆಲಸ ತಪ್ಪಿದೆಯೇ, ಪಶ್ಚಾತ್ತಾಪ ಆಗುತ್ತದೆಯೇ ಅಂತೆಲ್ಲ ಉಳಿದವು. 8 ಬಂದರೆ ಎಚ್ಚರ, 20 ಮುಟ್ಟಿದರೆ ವ್ಯಸನ ಇದೆಯೇ ಎಂದು ಕೂಲಂಕಷವಾಗಿ ನೋಡಬೇಕು. ನನಗೆ 23. ಅವರು ಹಾಳೆ ಬದಿಗಿಟ್ಟು ನನ್ನ ಪುಸ್ತಕದ ಗೀಟುಗಳನ್ನೇ ಬಹಳ ಹೊತ್ತು ನೋಡಿದರು.

ಒಂದು ತಪ್ಪು ಮಾಡಿದೆ. ಎರಡು ವಾರ ಬಿಟ್ಟು ಬಾ, ಅಲ್ಲಿಯವರೆಗೆ ಒಮ್ಮೆಲೇ ನಿಲ್ಲಿಸಬೇಡ ಅಂದಿದ್ದರು. ಶೂರನ ಹಾಗೆ ಮರುದಿನವೇ ನಿಲ್ಲಿಸಿದೆ. ಎರಡನೆಯ ದಿನ ಚಹಾದ ಗ್ಲಾಸು ಹಿಡಿಯಲಾಗಲಿಲ್ಲ, ಬೆವರಿನಿಂದ ಚಾದರ ಒದ್ದೆ, ನಿದ್ದೆ ಇಲ್ಲ. ಹೆಂಡತಿ ರಿಕ್ಷಾದಲ್ಲಿ ಹಾಕಿ ಅಲ್ಲಿಗೇ ಕರೆದುಕೊಂಡು ಹೋದಳು. ಬೈಗುಳ ಸಿಕ್ಕಿತು. ದಿನಾ ಜೋರಾಗಿ ಕುಡಿಯುವವನು ಫಕ್ಕನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ ಜೀವಕ್ಕೇ ಕುತ್ತಾಗಬಹುದು. ಮಾಲೆ ಹಾಕಿದ ವರ್ಷ ನನ್ನ ಕೋಟಾ ಇಷ್ಟಿರಲಿಲ್ಲ, ಪಾರಾಗಿದ್ದೆ. ಈ ಸಲ ಒಳಗೆ ಸೇರಿಸಿಕೊಂಡು ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು, ದಿನದಿನಕ್ಕೆ ಕಡಿಮೆಯಾಗುವ ಮಾತ್ರೆ ಕೊಟ್ಟರು. ಆ ಮಾತ್ರೆಯ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು ಎಂದು ಹೆಂಡತಿಗೆ ಎರಡು ಸಲ ಹೇಳಿ ಕಳಿಸಿದರು, ನನಗಲ್ಲ.

ಆಮೇಲೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಮುಂಬಯಿಯಲ್ಲಿ ದಾರಿಗಳಿವೆ. ಬಾಂದ್ರಾದಲ್ಲಿ ಫಾದರ್ ಜೋ ಪೆರೇರಾ 1981ರಲ್ಲಿ ಶುರುಮಾಡಿದ ವ್ಯಸನಮುಕ್ತಿ ಸಂಸ್ಥೆ ಕೃಪಾ ಇದೆ. ಪುಣೆಗೆ ಹೋಗುವವರಿಗೆ ಅನಿಲ್ ಅವಚಟ್ ದಂಪತಿ 1986ರಲ್ಲಿ ತೆರೆದ ಮುಕ್ತಾಂಗಣ. ತಿಂಗಳುಗಟ್ಟಲೆ ರಜೆ ನನಗೆ ಸಿಗುವ ಹಾಗಿರಲಿಲ್ಲ. ಕುಡಿತ ಬಿಡಬೇಕೆನ್ನುವವರೇ ಸೇರಿ ಮಾತಾಡುವ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗಿಗೆ ಹೋದೆ. ಶುಲ್ಕವಿಲ್ಲ, ಹೆಸರು ಪೂರ್ತಿ ಹೇಳಬೇಕಿಲ್ಲ. ಶಾಲೆಯ ಒಂದು ಕೋಣೆ, ಚಿಕ್ಕ ಮಕ್ಕಳ ಬೆಂಚು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮರಾಠಿ, ಹಿಂದಿ ಎರಡರಲ್ಲೂ ಮಾತು. ಮೂರನೆಯ ವಾರ ಒಬ್ಬ ರಿಕ್ಷಾ ಡ್ರೈವರ್ ಎದ್ದು, ತಾನು ಬೆಳಿಗ್ಗೆ ಎದ್ದ ಕೂಡಲೇ ರಿಕ್ಷಾದ ಮುಂದಿನ ಚಕ್ರ ಮುಟ್ಟಿ ನೋಡುತ್ತಿದ್ದೆ, ರಕ್ತ ಅಂಟಿದೆಯಾ ಅಂತ, ಅಂದ. ಆ ದಿನ ನಾನೂ ಬಾಯಿಬಿಟ್ಟೆ, ನನ್ನ ಹರಕು ಹಿಂದಿಯಲ್ಲಿ.

ಬಾರಿನ ಕೆಲಸ ಬಿಟ್ಟೆ. ಮಾಟುಂಗಾದ ಕಡೆ ಒಂದು ವೆಜ್ ಹೋಟೆಲಿನಲ್ಲಿ ಗಲ್ಲಾ. ಸಂಬಳ ಕಮ್ಮಿ, ಬೆಳಿಗ್ಗೆ ಆರಕ್ಕೆ ಡ್ಯೂಟಿ, ಕೌಂಟರಿನ ಕೆಳಗೆ ಈಗ ಫಿಲ್ಟರ್ ಕಾಫಿ. ಇದಕ್ಕೆ ಈ ಗಣೇಶ ಚೌತಿಗೆ ನಾಲ್ಕು ವರ್ಷ.

ಅಕ್ಕನಿಗೆ ಆಗ ಫೋನು ಮಾಡಿ ನಿಜ ಹೇಳಿದ್ದೆ: ನನಗೆ ನೆನಪಿಲ್ಲ, ದುಡ್ಡೂ ಇಲ್ಲ. ಅವಳು ಸೊಸೈಟಿಯಲ್ಲಿ ಬಳೆ ಅಡವಿಟ್ಟು ಫೀಸು ಕಟ್ಟಿದಳು. ತಿಂಗಳಿಗೆ ಐದೈದು ಸಾವಿರ ಹಾಕಿ ಹತ್ತು ತಿಂಗಳಲ್ಲಿ ತೀರಿಸಿದೆ. ಕೊನೆಯ ಕಂತು ಹಾಕಿದ ದಿನ ಅವಳೇ ಕರೆ ಮಾಡಿದಳು. ಧೈರ್ಯ ಮಾಡಿ ಕೇಳಿದೆ, "ಅಕ್ಕ, ಆ ರಾತ್ರಿ 14 ನಿಮಿಷ ನಾನು ಎಂತ ಮಾತಾಡಿದ್ದು?"

"ದುಡ್ಡಿನದ್ದು ಎರಡು ನಿಮಿಷ ಇರಬಹುದು. ಉಳಿದದ್ದೆಲ್ಲ ಅಮ್ಮನದ್ದು. ಅಮ್ಮ ಹೋಗುವ ಹಿಂದಿನ ದಿನ ನಿನ್ನ ಹತ್ರ ಹೇಳಿದ್ದೆಲ್ಲ ಹೇಳಿದೆ. ಅಷ್ಟು ಚಂದ ನೀನು ಯಾವತ್ತೂ ಮಾತಾಡಿದ್ದಿಲ್ಲ ಮಾರಾಯಾ."

ಅದೆಲ್ಲ ಒಂದೊಂದಾಗಿ ಅವಳು ತಿರುಗಿ ಹೇಳಿದಳು. ಗಿರಾಕಿಗಳು ಬಿಲ್ಲು ಹಿಡಿದು ನಿಂತಿದ್ದರು. ನಾನು ಕೇಳುತ್ತಾ ಕೂತೆ.