ಘಟ್ಟದ ಮೇಲಿನವರು ಮಂಗಳೂರು ನೋಡಿದ್ದು

ಹಾಸನದವರಾದ ನಮಗೆ ಧರ್ಮಸ್ಥಳ ಅಂದರೆ ಪಕ್ಕದ ಬೀದಿ ಇದ್ದ ಹಾಗೆ. ವರ್ಷಕ್ಕೊಮ್ಮೆಯಾದರೂ ಘಟ್ಟ ಇಳಿಯುತ್ತೇವೆ, ದರ್ಶನ ಮಾಡಿ ಊಟ ಮುಗಿಸಿ ಮತ್ತೆ ಘಟ್ಟ ಹತ್ತುತ್ತೇವೆ. ಅಲ್ಲಿಂದ ಮುಂದೆ ಬರೀ ಎಪ್ಪತ್ತೈದು ಕಿಲೋಮೀಟರ್ ಇರುವ ಮಂಗಳೂರನ್ನು ನಾನು ಸರಿಯಾಗಿ ನೋಡಿದ್ದು ಮದುವೆಯಾಗಿ ಹದಿನಾರು ವರ್ಷ ಆದ ಮೇಲೆ. ಅದೂ ಎರಡನೇ ಪ್ರಯತ್ನದಲ್ಲಿ.

ಮೊದಲನೆಯದನ್ನು ಪ್ರವಾಸ ಅನ್ನುವುದಕ್ಕೆ ನಾಚಿಕೆಯಾಗುತ್ತದೆ. ಏಪ್ರಿಲ್ ತಿಂಗಳು. ಧರ್ಮಸ್ಥಳದಿಂದಲೇ ಬಾಡಿಗೆ ಕಾರು, ಮೊಬೈಲಿನಲ್ಲಿ ಒಂಬತ್ತು ಜಾಗದ ಪಟ್ಟಿ, ಕೈಯಲ್ಲಿ ಒಂದೇ ದಿನ. ಕದ್ರಿಗೆ ಹೋದಾಗ ಮಧ್ಯಾಹ್ನದ ಪೂಜೆ ಮುಗಿದು ಗರ್ಭಗುಡಿಯ ಬಾಗಿಲು ಹಾಕಿತ್ತು. ಪಣಂಬೂರು ಬೀಚಿಗೆ ಹೋದಾಗ ನಡು ಮಧ್ಯಾಹ್ನ, ಮರಳಿನ ಮೇಲೆ ಕಾಲಿಡುವ ಹಾಗಿರಲಿಲ್ಲ. ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯ ಗಾಜು ಇಳಿಸಿ ಸಮುದ್ರ ನೋಡಿ, "ಆಯ್ತಲ್ಲ, ಇಷ್ಟೇ ತಾನೇ?" ಅಂದರು. ಸಂಜೆ ಆರಕ್ಕೆ, ಗಾಳಿ ಬೀಸುವುದಕ್ಕೆ ಶುರುವಾದ ಹೊತ್ತಿಗೆ, ನಾವು ಊರು ಬಿಟ್ಟಾಗಿತ್ತು.

ಮಂಗಳೂರಿಗೆ ಜಾಗದ ಪಟ್ಟಿ ಹಿಡಿದು ಹೋಗಬಾರದು, ಹೊತ್ತಿನ ಪಟ್ಟಿ ಹಿಡಿದು ಹೋಗಬೇಕು ಅನ್ನುವುದು ಆಗ ತಲೆಗೆ ಹೋಯಿತು. ಬೆಳಗಿನ ಐದರಿಂದ ಹತ್ತು ಒಂದು ಊರು, ಸಂಜೆ ನಾಲ್ಕೂವರೆಯಿಂದ ಎಂಟು ಇನ್ನೊಂದು ಊರು. ನಡುವಿನದು ಬೆವರು. ಆ ಹೊತ್ತಿಗೆ ತಲೆಯ ಮೇಲೊಂದು ಸೂರು, ಹೊಟ್ಟೆಗೊಂದಿಷ್ಟು ಊಟ, ಆಮೇಲೆ ಒಂದು ನಿದ್ದೆ, ಇಷ್ಟಿದ್ದರೆ ಸಾಕು. ಮುಂದಿನ ಫೆಬ್ರವರಿಯಲ್ಲಿ ಶನಿವಾರದಿಂದ ಸೋಮವಾರದವರೆಗೆ ಮೂರು ದಿನ ಇಟ್ಟುಕೊಂಡು ಮೂವರೂ ಮತ್ತೆ ಹೊರಟೆವು: ನಾನು, ನಮ್ಮೆಜಮಾನರು, ಮಂಡಿ ನೋವಿನ ಅತ್ತೆ.

ಈ ಸಲ ರೈಲು, ಅದರಲ್ಲೂ ಹಗಲಿನದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗ. ಅತ್ತೆ ಬೆರಳು ಮಡಿಸುತ್ತಾ ಎಣಿಸಲು ಶುರು ಮಾಡಿ, ಎಡಕುಮೇರಿಯ ಹತ್ತಿರ ಚಕ್ಕುಲಿ ತಿನ್ನುವಾಗ ಲೆಕ್ಕ ತಪ್ಪಿಸಿಕೊಂಡರು. 2021ರ ಜುಲೈಯಿಂದ ಈ ದಾರಿಗೆ ಗಾಜಿನ ವಿಸ್ಟಾಡೋಮ್ ಬೋಗಿ ಬಂದಿದೆ. ನಾವು ಅದರಲ್ಲೇ ಹೋದೆವು, ಚೆನ್ನಾಗಿದೆ. ಆದರೆ ಮಾಮೂಲಿ ಬೋಗಿಯ ಬಾಗಿಲ ಹತ್ತಿರದ ಗಾಳಿ ಅದರಲ್ಲಿಲ್ಲ. ಇನ್ನೊಂದು ಮಾತು. ಈ ಘಟ್ಟ ನೋಡಬೇಕಾದ್ದು ಮಳೆಗಾಲದಲ್ಲಿ, ಬಂಡೆಬಂಡೆಗೂ ನೀರು ಇಳಿಯುವಾಗ. ಮಂಗಳೂರು ನೋಡಬೇಕಾದ್ದು ಚಳಿಗಾಲದಲ್ಲಿ. ಮಳೆಗಾಲದಲ್ಲಿ ಹೋದರೆ ಕಡಲಿಗೆ ಇಳಿಯಲು ಬಿಡುವುದಿಲ್ಲ, ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ನಾವು ಜಲಪಾತ ಬಿಟ್ಟೆವು.

ನಮ್ಮ ರೈಲು ನಿಂತಿದ್ದು ಮಂಗಳೂರು ಜಂಕ್ಷನ್ನಿನಲ್ಲಿ. ಪೇಟೆಯ ಒಳಗಿರುವುದು ಸೆಂಟ್ರಲ್ ಸ್ಟೇಷನ್. ಜಂಕ್ಷನ್‌ನಿಂದ ಪೇಟೆಯ ನಡುವಿನ ಹಂಪನಕಟ್ಟೆಗೆ ಆಟೊ ಹಿಡಿಯಲೇಬೇಕು, ಟಿಕೆಟ್ ಮಾಡಿಸುವಾಗ ಇದು ಗಮನದಲ್ಲಿರಲಿ. ರೂಮನ್ನು ಹಂಪನಕಟ್ಟೆ ಹತ್ತಿರವೇ ಮಾಡಿದ್ದೆವು. ಕಡಲ ಪಕ್ಕದ ರೆಸಾರ್ಟ್ ಆಸೆ ನನಗೂ ಇತ್ತು. ಆದರೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಊರೆಲ್ಲಾ ನಿಮ್ಮದೇ. ಅಲ್ಲಿಂದ ಹೊರಡದ ಸಿಟಿ ಬಸ್ಸಿಲ್ಲ. ಹೆಚ್ಚಿನವು ಖಾಸಗಿ ಬಸ್ಸುಗಳು, ಒಂದರ ಹಿಂದೆ ಒಂದು ಓಡಿಬರುತ್ತವೆ. ಬಸ್ಸು ನಿಲ್ಲುವ ಮೊದಲೇ ಕಂಡಕ್ಟರ್ ಕೆಳಗಿರುತ್ತಾನೆ, ಹೊರಟ ಮೇಲೆ ಹತ್ತುತ್ತಾನೆ. "ದುಂಬು ಪೋಲೆ, ದುಂಬು ಪೋಲೆ" ಅಂತ ಕೂಗಿದರೆ ಮುಂದೆ ಹೋಗಿ ಅಂತ. "ಜಪ್ಪುಲೆ" ಅಂದರೆ ಇಳಿಯಿರಿ. ಈ ಎರಡು ತುಳು ಮಾತು ಕಲಿತರೆ ಅರ್ಧ ಮಂಗಳೂರು ಸುತ್ತಬಹುದು. ಉಳಿದದ್ದಕ್ಕೆ ಕನ್ನಡ ಧಾರಾಳ ಸಾಕು. ಅವರ ಕನ್ನಡ ನಮ್ಮದಕ್ಕಿಂತ ತಿದ್ದಿ ತೀಡಿದಂತಿರುತ್ತದೆ. "ಬಸ್ಸು ಇದೆಯಾ" ಅಂತ ನಾವು ಕೇಳಿದರೆ "ಉಂಟು, ಈಗ ಬರ್ತದೆ" ಅಂತ ಉತ್ತರ. ನಾಲ್ಕು ಮಾತು ಆಡುವಷ್ಟರಲ್ಲಿ "ನೀವು ಘಟ್ಟದ ಮೇಲಿನವರಾ?" ಅಂತ ಕೇಳಿಯೇ ಕೇಳುತ್ತಾರೆ. ಹೌದೆಂದರೆ ಇನ್ನಷ್ಟು ನಿಧಾನವಾಗಿ ದಾರಿ ಹೇಳುತ್ತಾರೆ.

ಭಾನುವಾರ ಬೆಳಗ್ಗೆ ಐದೂವರೆಗೆ ದಕ್ಕೆ, ಅಂದರೆ ಬೋಟುಗಳು ಬಂದು ನಿಲ್ಲುವ ಕಟ್ಟೆ. ಹಳೆ ಬಂದರಿನ ಮೀನುಗಾರಿಕಾ ದಕ್ಕೆಗೆ ಸ್ಟೇಟ್ ಬ್ಯಾಂಕಿನಿಂದ ದೂರವಿಲ್ಲ, ಕತ್ತಲಿದ್ದುದರಿಂದ ಆಟೊದಲ್ಲಿ ಹೋದೆವು. ಅತ್ತೆಯನ್ನು ಮಲಗಲು ಬಿಟ್ಟಿದ್ದೆವು. ಮೂರು ದಿನದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದು ಇದನ್ನೇ. ಒತ್ತೊತ್ತಾಗಿ ಕಟ್ಟಿದ ಬೋಟುಗಳು. ಒಂದು ಬೋಟಿನಿಂದ ಇನ್ನೊಂದಕ್ಕೆ ಬುಟ್ಟಿ ದಾಟಿಸುತ್ತಾ ದಡಕ್ಕೆ ತರುತ್ತಾರೆ. ಬುಟ್ಟಿ ಮಗುಚಿದರೆ ಬೆಳ್ಳಿಯ ರಾಶಿ. ಬಂಗುಡೆ, ಬೂತಾಯಿ, ನಂಗ್, ಬೊಂಡಾಸ್, ಪಕ್ಕದಲ್ಲಿ ಒಂಟಿಯಾಗಿ ಮಲಗಿಸಿದ ಉದ್ದನೆಯ ಅಂಜಲ್. ಮಂಜುಗಡ್ಡೆ ಪುಡಿ ಮಾಡುವ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಆ ಗದ್ದಲದಲ್ಲೇ ಏಲಂ ನಡೆಯುತ್ತದೆ. ಕೂಗುವವನ ಸುತ್ತ ನಿಂತ ಹೆಂಗಸರಲ್ಲಿ ಒಬ್ಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಏನೂ ಮಾತಾಡದೆ ಗಲ್ಲ ಮಾತ್ರ ಸ್ವಲ್ಪ ಎತ್ತಿದರು. ಅಷ್ಟೇ. ರಾಶಿ ಅವರದಾಯಿತು. ಎರಡು ನಿಮಿಷದಲ್ಲಿ ಅದು ಬುಟ್ಟಿಗೆ ತುಂಬಿ, ಮೇಲೆ ಮಂಜುಗಡ್ಡೆ ಬಿದ್ದು, ಟೆಂಪೊ ಸೇರಿತು. ನಾನು ಬಾಯಿ ಬಿಟ್ಟುಕೊಂಡು ದಾರಿಗೆ ಅಡ್ಡ ನಿಂತಿದ್ದೆ. "ಅಕ್ಕ, ಸ್ವಲ್ಪ ಬದಿಗೆ ನಿಲ್ಲಿ, ನೀರು ಬೀಳ್ತದೆ" ಅಂದರು ಯಾರೋ. ಬದಿಗೆ ಸರಿಯುವ ಮೊದಲೇ ಬಿತ್ತು. ಮೀನು ತೊಳೆದ ನೀರು ಹೊಸ ಚಪ್ಪಲಿಯ ಒಳಗೆಲ್ಲಾ ತುಂಬಿಕೊಂಡಿತು.

ದಕ್ಕೆಗೆ ಹೋಗುವವರಿಗೆ ಎರಡು ಮಾತು. ಹಿಡಿತವಿರುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ನೆಲ ಜಾರುತ್ತದೆ. ಅದು ಅವರ ದುಡಿಮೆಯ ಜಾಗ, ಮುಖದ ಹತ್ತಿರ ಮೊಬೈಲ್ ಹಿಡಿಯಬೇಡಿ. ಒಂದು ಪಕ್ಕದಲ್ಲಿ ಸುಮ್ಮನೆ ನಿಂತರೆ ಅವರೇ ಮಾತಾಡಿಸುತ್ತಾರೆ, ಮೀನಿನ ಹೆಸರು ಹೇಳಿಕೊಡುತ್ತಾರೆ. ತಾಜಾ ಬಂಗುಡೆಯ ಕಣ್ಣು ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ. ಹಾಸನಕ್ಕೆ ಬರುವ ಹೊತ್ತಿಗೆ ಅದರ ಕಣ್ಣಿಗೆ ಪೊರೆ ಬಂದಿರುತ್ತದೆ.

ರೂಮಿಗೆ ಬಂದು ಸ್ನಾನ ಮಾಡಿ ಬನ್ಸ್ ತಿಂದೆವು. ಅತ್ತೆ ಬನ್ ಅಂದುಕೊಂಡು ಹಾಲು ತರಿಸಿದ್ದರು. ಬಂದದ್ದು ಉಬ್ಬಿದ ಪೂರಿಯಂಥದ್ದು, ಕಿವುಚಿದ ಬಾಳೆಹಣ್ಣಿನಲ್ಲಿ ಮೈದಾ ಕಲಸಿ ಎಣ್ಣೆಯಲ್ಲಿ ಕರಿದದ್ದು. ಸಿಹಿಗೆ ಖಾರ ಚಟ್ನಿ ನಂಚಿಕೊಳ್ಳುವುದು ಅವರಿಗೆ ಒಗ್ಗಲಿಲ್ಲ, ಆದರೂ ಎರಡು ತಿಂದರು. ಮಧ್ಯಾಹ್ನ ಮೀನೂಟ. ಕುಚ್ಚಲಕ್ಕಿ ಅನ್ನ ಬೇಡವೆಂದರೆ ಮೊದಲೇ ಹೇಳಿ, ಬೆಳ್ತಿಗೆ ಅನ್ನುವ ಬಿಳಿ ಅನ್ನವೂ ಇರುತ್ತದೆ. ಊಟದ ಜೊತೆ ಸಾರು ಕೊಡುತ್ತಾರೆ, ಫ್ರೈಗೆ ಬೇರೆ ದುಡ್ಡು. ಅಂಜಲ್, ಮಾಂಜಿ, ಕಾಣೆಗೆಲ್ಲಾ ಗಾತ್ರ ನೋಡಿ ರೇಟು. ಹೇಳುವ ಮುಂಚೆ ತಟ್ಟೆ ತರಿಸಿ, ಮೀನು ತೋರಿಸಿ ಬೆಲೆ ಕೇಳಿ, ಅದರಲ್ಲಿ ಸಂಕೋಚ ಬೇಡ. ನಾವು ಸಂಕೋಚಪಟ್ಟು ಬಿಲ್ಲು ಬಂದಾಗ ಮುಖ ಮುಖ ನೋಡಿಕೊಂಡೆವು. ರುಚಿಯ ಮಾತು ಬಂದರೆ, ದುಬಾರಿ ಅಂಜಲ್‌ಗಿಂತ ಬಂಗುಡೆ ಪುಳಿಮುಂಚಿಗೇ ನನ್ನ ಓಟು. ಆಮೇಲೆ ಮೂರು ಗಂಟೆ ನಿದ್ದೆ. ಪ್ರವಾಸಕ್ಕೆ ಬಂದು ಮಲಗುವುದಾ ಅಂತ ನಮ್ಮವರು ಗೊಣಗಿದರು, ಮೊದಲು ಗೊರಕೆ ಹೊಡೆದದ್ದೂ ಅವರೇ.

ಸಂಜೆ ಸುಲ್ತಾನ್ ಬತ್ತೇರಿ. ಫಲ್ಗುಣಿ ನದಿಯಿಂದ ಯುದ್ಧದ ಹಡಗು ಒಳಗೆ ಬರಬಾರದೆಂದು ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಕೋಟೆ ಎಂದುಕೊಂಡು ಹೋದರೆ ನಿರಾಸೆ. ಹತ್ತು ನಿಮಿಷದಲ್ಲಿ ಮೆಟ್ಟಿಲು ಹತ್ತಿ, ಫಿರಂಗಿ ಕಿಂಡಿಯಲ್ಲಿ ಇಣುಕಿ, ಇಳಿದಾಯಿತು. ಆದರೆ ನೀವು ಅಲ್ಲಿಗೆ ಹೋಗಬೇಕಾದ್ದು ಬುರುಜಿಗಲ್ಲ, ಪಕ್ಕದ ದೋಣಿಗೆ. ಹೊಳೆಯ ಆಚೆ ದಡ ತಣ್ಣೀರುಬಾವಿ. ಅದೊಂದು ಉದ್ದನೆಯ ಮರಳಿನ ಪಟ್ಟಿ, ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು. ಕಾರಿನವರು ಕೂಳೂರು ಸೇತುವೆ ಸುತ್ತಿ ಬರುತ್ತಾರೆ, ದೋಣಿಯಲ್ಲಿ ಕೂತವರು ಕೆಲವೇ ನಿಮಿಷದಲ್ಲಿ ಆಚೆ.

ಅತ್ತೆಗೆ ದೋಣಿ ಹತ್ತಿಸುವುದು ಹೇಗೆಂದು ನಾನು ಹೆದರಿದ್ದೆ. ದೋಣಿಯವರು "ಕೈ ಕೊಡಿ ಅಮ್ಮ" ಅಂದರು, ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಮೊಣಕೈ ಹಿಡಿದ, ಅತ್ತೆ ಒಳಗೆ ಕೂತಾಗಿತ್ತು. ಹೊಳೆ ನಡುವೆ ಬಂದಾಗ ಅವರು ಸೆರಗು ಬಿಗಿ ಹಿಡಿದು ಕಣ್ಣು ಮುಚ್ಚಿದ್ದರು. ಆಮೇಲೆ ಒಂದು ಕಣ್ಣು ತೆರೆದರು. ಆಚೆ ದಡ ಬಂದಾಗ "ಇಷ್ಟು ಬೇಗ ಬಂತಾ" ಅಂತ ಬೇಜಾರು.

ದಡದಿಂದ ಗಾಳಿಮರಗಳ ಸಾಲು ದಾಟಿದರೆ ಕಡಲು. ಏಪ್ರಿಲ್‌ನಲ್ಲಿ ಕಾರಿನೊಳಗಿಂದ ನೋಡಿ "ಇಷ್ಟೇ ತಾನೇ" ಅಂದವರು ಈಗ ಸೀರೆ ಮೊಳಕಾಲಿಗೆ ಎತ್ತಿ ಅಲೆಗೆ ಕಾಲು ಕೊಟ್ಟು ನಿಂತರು, ಸೂರ್ಯ ಮುಳುಗಿದ ಮೇಲೂ ಕದಲಲಿಲ್ಲ. ನಾವು ಮಾಡಿದ ಒಂದು ತಪ್ಪೆಂದರೆ ಭಾನುವಾರ ಹೋದದ್ದು, ಜಾತ್ರೆಯಷ್ಟು ಜನ. ವಾರದ ದಿನವಾದರೆ ಒಳ್ಳೆಯದು. ಇನ್ನೊಂದನ್ನು ಮರೆಯಬೇಡಿ: ಹೋಗುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ. ಕತ್ತಲಲ್ಲಿ ಮಂಡಿ ನೋವಿನವರನ್ನು ಕರೆದುಕೊಂಡು ಮರಳಲ್ಲಿ ಓಡಿ, ಕೂಗಿ ನಿಲ್ಲಿಸಿ ಹತ್ತಿದೆವು. ಈಜು ಬರುತ್ತದೆಂದು ಕಡಲಿಗಿಳಿಯುವ ಧೈರ್ಯವೂ ಬೇಡ. ನಮ್ಮದು ಕೆರೆಯ ಈಜು, ಕಡಲ ಸೆಳೆತ ಬೇರೆ. ಜೀವರಕ್ಷಕರು ಸೀಟಿ ಊದಿದರೆ ಹಿಂದೆ ಬನ್ನಿ.

ಸೋಮವಾರ ಬೆಳಗ್ಗೆ ಕದ್ರಿ ಮಂಜುನಾಥ. ಸೋಮವಾರವೆಂದು ಜನ ಹೆಚ್ಚಿದ್ದರು, ಅತ್ತೆಗೆ ಅದೇ ಸಂತೋಷ. ನನಗೆ ನೋಡಬೇಕಿದ್ದದ್ದು ಲೋಕೇಶ್ವರನ ಕಂಚಿನ ವಿಗ್ರಹ. ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ್ದು, ಪೀಠದ ಮೇಲೆ ಶಾಸನವಿದೆ. ಮೂರು ಮುಖ, ಆರು ಕೈ. ಬೌದ್ಧರ ಅವಲೋಕಿತೇಶ್ವರ ಎನ್ನುತ್ತಾರೆ ಬಲ್ಲವರು. ಅದರ ಎದುರು ಕೈಮುಗಿದವರಲ್ಲಿ ಯಾರೂ ಅದನ್ನು ಕೇಳುತ್ತಿರಲಿಲ್ಲ. ಬೇಲೂರು-ಹಳೇಬೀಡಿನ ಕಲ್ಲು ನೋಡಿ ಬೆಳೆದ ಕಣ್ಣಿಗೆ ಕಂಚಿನ ಈ ನಯ ಬೇರೆಯೇ ಅನಿಸಿತು. ಬೇಲೂರಿಗಿಂತ ನೂರೈವತ್ತು ವರ್ಷ ಹಳೆಯದು ಬೇರೆ.

ಮಧ್ಯಾಹ್ನದ ಬಿಸಿಲಿಗೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ. ಕಾಲೇಜು ಶುರುವಾದದ್ದು 1880ರಲ್ಲಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎನ್ನುವ ಜೆಸ್ವಿಟ್ ಸಹೋದರ ಸುಮಾರು ಎರಡು ವರ್ಷ ಕೂತು ಗೋಡೆ, ಚಾವಣಿ ಎಲ್ಲಾ ಚಿತ್ರ ಬರೆದ. ಬಹುಪಾಲು ಹಸಿ ಗಾರೆಯ ಮೇಲೆ, ಅದು ಒಣಗುವ ಮುಂಚೆ ಬಣ್ಣ ಹಚ್ಚುವ ಕೆಲಸ. ಬೆವರಿನ ಈ ಊರಿನಲ್ಲಿ ಆ ಬಣ್ಣ ನೂರು ವರ್ಷ ದಾಟಿ ನಿಂತಿದೆ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ, ಕೊನೆಗೆ ಬೆಂಚಿನಲ್ಲಿ ಒರಗಿ ಕೂತೆ. ಒಳಗೆ ತಂಪು. ಅತ್ತೆ ಅಲ್ಲೇ ಒಂದು ಸಣ್ಣ ನಿದ್ದೆ ತೆಗೆದರು.

ಹೊರಗೆ ಬಂದಾಗ ಗುಡ್ಡದಿಂದ ಕೆಳಗೆ ಹಂಚಿನ ಮಾಡುಗಳು ಕಂಡವು. ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅತ್ತೆ ಇದ್ದಕ್ಕಿದ್ದಂತೆ "ನಮ್ಮ ಹಳೆ ಮನೆ ಹಂಚಿನ ಮೇಲೂ ಈ ಊರ ಹೆಸರೇ ಇತ್ತಲ್ಲ" ಅಂದರು. ಹೌದು, ಬೆನ್ನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಊರ ಹೆಸರು ಅಚ್ಚೊತ್ತಿದ ಹಂಚು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಜಪ್ಪಿನಲ್ಲಿ, ನೇತ್ರಾವತಿಯ ಹತ್ತಿರ, ಹೊಳೆಮಣ್ಣಿನಿಂದ ಹಂಚು ಮಾಡಲು ಶುರು ಮಾಡಿದ್ದು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತೆಗೆದರು, ಅವರ ಮುದ್ರಣಾಲಯದಲ್ಲೇ 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಯಿತು. ನಮ್ಮ ತಲೆಯ ಮೇಲಿನ ಸೂರೂ ಕೈಯಲ್ಲಿನ ನಿಘಂಟೂ ಒಂದೇ ಊರಿನಿಂದ ಘಟ್ಟ ಹತ್ತಿ ಬಂದಿವೆ ಅಂತ ಬಲ್ಮಠದ ದಾರಿಯಲ್ಲಿ ನಡೆಯುತ್ತಾ ಹೇಳಿದೆ. ನಮ್ಮವರಿಗೆ ಗಡ್‌ಬಡ್ ಐಸ್‌ಕ್ರೀಮಿನ ಚಿಂತೆ.

ಕುದ್ರೋಳಿ ಗೋಕರ್ಣನಾಥನನ್ನು ಅವಸರದಲ್ಲಿ ನೋಡಿದೆವು, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗುಡಿ. ಅದಕ್ಕೆ ದಸರಾ ಹೊತ್ತಿಗೇ ಬರಬೇಕಂತೆ. ಮೃಗಾಲಯವಿರುವ ಪಿಲಿಕುಳಕ್ಕೆ ಹೋಗಲಿಲ್ಲ. ಮಕ್ಕಳಿದ್ದರೆ ಅದಕ್ಕೊಂದು ಪೂರಾ ದಿನ ತೆಗೆದಿಡಿ.

ರಾತ್ರಿ ಬಸ್ಸಿಗೆ ಮೊದಲು ಅತ್ತೆ ಮಲ್ಲಿಗೆಯ ಮುಂದೆ ನಿಂತರು.

"ಮೊಳ ಎಷ್ಟಪ್ಪಾ?"

"ಮೊಳ ಇಲ್ಲ ಅಮ್ಮ, ಚೆಂಡು."

ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮೊಗ್ಗಿನ ಉಂಡೆ. ಅಂಥ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅತ್ತೆ ಚೆಂಡನ್ನು ಕೈಯಲ್ಲಿ ತಿರುಗಿಸಿ, ಮನಸ್ಸಿನಲ್ಲೇ ಮೊಳ ಹಾಕಿ, ಕೊನೆಗೆ ಚೌಕಾಶಿ ಇಲ್ಲದೆ ಎರಡು ಕೊಂಡರು. ಬಸ್ಸಿನಲ್ಲಿ ಅದರ ಪರಿಮಳ ನನ್ನ ಚಪ್ಪಲಿಯ ವಾಸನೆಯನ್ನು ಶಿರಾಡಿಯವರೆಗೆ ಮುಚ್ಚಿತು. ಆ ಚಪ್ಪಲಿ ಈಗಲೂ ಹಿತ್ತಲಲ್ಲಿದೆ. ಎಷ್ಟು ತೊಳೆದರೂ ಪಕ್ಕದ ಮನೆ ಬೆಕ್ಕು ದಿನಾ ಬಂದು ಮೂಸಿ ಹೋಗುತ್ತದೆ.